ಮಾವನ ಮನೆಯ ಪಾಲಿಗೂ ರೋಮಿಗೂ ಏನು ಸಂಬಂಧ?

ಓದುಗರ ಕಾನೂನು ಪ್ರಶ್ನೆಗಳಿಗೆ ಮಡಗಾಂವಿನ ವಕೀಲರ ಉತ್ತರ

ಪ್ರಶ್ನೆ: ನಮ್ಮದು ಹಾವೇರಿ ಹತ್ತಿರದ ಹಳ್ಳಿ. 22 ವರ್ಷದಿಂದ ವಾಸ್ಕೋದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಹೆಂಡತಿ ಗೋವಾದವಳೇ, ಮದುವೆ ಇಲ್ಲೇ ರಿಜಿಸ್ಟರ್ ಆಗಿದೆ. ಹೋದ ವರ್ಷ ಮಾವ ತೀರಿಕೊಂಡರು. ಈಗ ಹೆಂಡತಿಯ ಅಣ್ಣ ಕೋರ್ಟಿನಲ್ಲಿ ಇನ್ವೆಂಟರಿ ಅಂತ ಏನೋ ಹಾಕಿದ್ದಾರೆ. ನೋಟಿಸ್ ನನ್ನ ಹೆಸರಿಗೂ ಬಂದಿದೆ. ಮಾವನಿಗೆ ಸಾಲ ಇತ್ತು. ಅದು ನನ್ನ ತಲೆಗೆ ಬರುತ್ತಾ? ಕೇಳಿದರೆ ಇಲ್ಲಿಯ ವಕೀಲರು "ಇದು ರೋಮನ್ನರ ಕಾಲದಿಂದ ಬಂದ ಪದ್ಧತಿ" ಅಂದರು. ರೋಮ್ ಎಲ್ಲಿ, ವಾಸ್ಕೋ ಎಲ್ಲಿ ಸಾರ್?
(ವಾಸ್ಕೋದ ಓದುಗರು)

ಉತ್ತರ: ಮೊದಲು ಸಾಲದ ಮಾತು ಮುಗಿಸೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ? ಮಾವನ ಸಾಲಕ್ಕೆ ನಿಮ್ಮ ಗ್ಯಾರೇಜ್ ಹೋಗುವುದಿಲ್ಲ. ಮಾವ ಬಿಟ್ಟುಹೋದದ್ದು ಎಷ್ಟಿದೆಯೋ ಅಷ್ಟರೊಳಗೇ ಸಾಲ ತೀರಬೇಕು. ಸಾಲ 10 ಲಕ್ಷ, ಆಸ್ತಿ 6 ಲಕ್ಷ ಅಂದುಕೊಳ್ಳಿ. ಆ 6 ಲಕ್ಷ ಸಾಲಕ್ಕೆ ಹೋಗುತ್ತದೆ. ಉಳಿದ 4 ಲಕ್ಷಕ್ಕೆ ಮಕ್ಕಳ ಕೊರಳುಪಟ್ಟಿ ಹಿಡಿಯುವಂತಿಲ್ಲ. ಆ ಸಾಲಕ್ಕೆ ನೀವು ಜಾಮೀನು ಹಾಕಿದ್ದರೆ ಮಾತ್ರ ವಿಷಯ ಬೇರೆ. ಎಲ್ಲಾದರೂ ಸಹಿ ಮಾಡಿದ್ದೀರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಇನ್ನು ನಿಮ್ಮ ಹೆಸರು ಯಾಕೆ ಬಂತು ಅಂದರೆ, ಗೋವಾದ ಕಾನೂನಿನಲ್ಲಿ ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದೇ ಗಂಟು. ಇಬ್ಬರಿಗೂ ಅರ್ಧ ಅರ್ಧ. ತವರಿನಿಂದ ಬಂದ ಪಾಲೂ ಆ ಗಂಟಿನೊಳಗೇ ಸೇರುತ್ತದೆ. ಹಾಗಾಗಿ ಮಗಳಿಗೆ ನೋಟಿಸ್ ಹೋದರೆ ಅಳಿಯನಿಗೂ ಹೋಗುತ್ತದೆ. ನೀವು ಹೊರಗಿನಿಂದ ಬಂದವರು. ಇದು ನಿಮಗೆ ಎಷ್ಟರ ಮಟ್ಟಿಗೆ ಅನ್ವಯ ಆಗುತ್ತದೆ ಅನ್ನುವುದನ್ನು ಮದುವೆಯ ಕಾಗದ ನೋಡಿ ನಿಮ್ಮ ವಕೀಲರೇ ಹೇಳಬೇಕು. ಆದರೆ ನೋಟಿಸನ್ನು ಸುಮ್ನೆ ಮೂಲೆಗೆ ಹಾಕಬೇಡಿ. ತಾರೀಕಿಗೆ ಹೋಗಿ.

ಇನ್ವೆಂಟರಿ ಅಂದರೆ ಪಟ್ಟಿ. ಸತ್ತವರು ಏನೇನು ಬಿಟ್ಟುಹೋದರು, ಯಾರಿಗೆ ಎಷ್ಟು ಕೊಡಬೇಕಿತ್ತು, ಎಲ್ಲ ಬರೆಯುವುದು. ಬರೆಸುವವರನ್ನು ಇಲ್ಲಿಯ ಹಳೇ ವಕೀಲರು ಇಂದಿಗೂ ಪೋರ್ಚುಗೀಸಿನಲ್ಲೇ "ಕಬೆಸಾ ದಿ ಕಜಾಲ್" ಅನ್ನುತ್ತಾರೆ. ಮನೆಯ ತಲೆ ಅಂತ ಅರ್ಥ. ಪಟ್ಟಿ ಆದ ಮೇಲೆ ವಾರಸುದಾರರು ತಮ್ಮ ತಮ್ಮಲ್ಲೇ ಹರಾಜು ಕೂಗಬಹುದು. ಮನೆ ಬೇಕಾದವರು ಮನೆ ಹಿಡಿಯುತ್ತಾರೆ, ಹೆಚ್ಚಾದ ಹಣವನ್ನು ಉಳಿದವರಿಗೆ ಕೊಡುತ್ತಾರೆ. ಇದನ್ನು ಲಿಸಿಟೇಶನ್ ಅನ್ನುತ್ತಾರೆ.

ನಾನು ಧಾರವಾಡದಲ್ಲಿ ಕಾನೂನು ಓದಿ 1986ರಲ್ಲಿ ಮಡಗಾಂವಿಗೆ ಬಂದವನು. ಬಂದ ವಾರದಲ್ಲೇ ನಮ್ಮ ಸೀನಿಯರ್ ನನ್ನ ಮುಂದೆ ಒಂದು ಹಳೇ ಪಟ್ಟಿ ಇಟ್ಟರು. ಪೂರ್ತಿ ಪೋರ್ಚುಗೀಸ್. ಡಿಕ್ಷನರಿ ಹಿಡಿದು ಎರಡು ದಿನ ಕೂತೆ. ತೆಂಗಿನ ಮರ 14. ಬಾವಿಯ ನೀರಿನಲ್ಲಿ ಅರ್ಧ ಹಕ್ಕು. ಬೀಟೆ ಕಪಾಟು ಒಂದು, ಅದರ ಒಂದು ಬಾಗಿಲು ಇಲ್ಲ. ಹೊಲಿಗೆ ಮೆಷಿನ್ ಒಂದು. ಬಾಗಿಲಿಲ್ಲದ ಕಪಾಟನ್ನೂ ಬಿಡದೆ ಬರೆದ ಆ ಕೈಯ ಮೇಲೆ ನನಗೆ ಅವತ್ತೇ ಗೌರವ ಹುಟ್ಟಿತು. ಮುಂದೆ ನಾನೇ ಬರೆಸಿದ ಮೊದಲ ಪಟ್ಟಿಯಲ್ಲೂ ಒಂದು ಹೊಲಿಗೆ ಮೆಷಿನ್ ಇತ್ತು. ಆ ಮನೆಯ ಅಜ್ಜಿ ಸಿಟ್ಟಾದರು. "ಅದು ನನ್ನದು, ಅವರದ್ದಲ್ಲ. ಪಟ್ಟಿಯಲ್ಲಿ ಯಾಕೆ?" ಅಂತ ಕೇಳಿದರು. ಪಕ್ಕದಲ್ಲಿ ಕೂತು ವಿವರಿಸಿದೆ. ಅಜ್ಜೀ, ಮನೆ, ತೋಟ, ಮೆಷಿನ್, ಎಲ್ಲದರಲ್ಲೂ ಅರ್ಧ ಮೊದಲೇ ನಿಮ್ಮದು. ಗಂಡ ಸತ್ತಿದ್ದರಿಂದ ಅದು ಬಂದದ್ದಲ್ಲ. ಪಾಲಾಗುವುದು ಅವರ ಅರ್ಧ ಮಾತ್ರ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಮನೆಯಲ್ಲೂ ಅರ್ಧವಾ ಅಂತ ಮತ್ತೊಮ್ಮೆ ಕೇಳಿದರು.

ಈಗ ರೋಮ್. ಅಲ್ಲಿ ಹಿಂದೆ ಅಪ್ಪ ಸತ್ತರೆ ಮಗ ಅಪ್ಪನ ಜಾಗದಲ್ಲೇ ನಿಲ್ಲುತ್ತಿದ್ದ. ಆಸ್ತಿ ಬಂದರೆ ಸಾಲವೂ ಪೂರ್ತಿ ಬರುತ್ತಿತ್ತು, ಸ್ವಂತ ದುಡಿಮೆಯಿಂದಲಾದರೂ ಕಟ್ಟಬೇಕಿತ್ತು. ಸಾಲದಲ್ಲಿ ಮುಳುಗಿದ ಕೆಲವರು ತಮ್ಮ ಗುಲಾಮನನ್ನೇ ಉಯಿಲಿನಲ್ಲಿ ಬಿಡುಗಡೆ ಮಾಡಿ ವಾರಸುದಾರನನ್ನಾಗಿ ಮಾಡುತ್ತಿದ್ದರು. ಹರಾಜು ಅವನ ಹೆಸರಿನಲ್ಲಿ ಆಗುತ್ತಿತ್ತು, ಯಜಮಾನನ ಮಾನ ಉಳಿಯುತ್ತಿತ್ತು. ಬಿಡುಗಡೆಯ ಮೊದಲ ದಿನವೇ ಇನ್ನೊಬ್ಬರ ದಿವಾಳಿಯನ್ನು ಹೊತ್ತ ಆ ಮನುಷ್ಯನನ್ನು ನೆನೆದರೆ ನನಗೆ ಕರುಳು ಚುರ್ ಅನ್ನುತ್ತದೆ.

531ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಒಂದು ಆದೇಶ ಹೊರಡಿಸಿದ. ವಾರಸುದಾರ 30 ದಿನದೊಳಗೆ ಪಟ್ಟಿ ಶುರು ಮಾಡಬೇಕು, ಮುಂದಿನ 60 ದಿನದಲ್ಲಿ ಮುಗಿಸಬೇಕು. ಸಾಕ್ಷಿಗಳು ಇರಬೇಕು. ಹಾಗೆ ಮಾಡಿದರೆ ಪಟ್ಟಿಯಲ್ಲಿ ಇರುವುದಕ್ಕಿಂತ ಒಂದು ಕಾಸೂ ಜಾಸ್ತಿ ಕೊಡಬೇಕಾಗಿಲ್ಲ. ನಿಮ್ಮ ಗ್ಯಾರೇಜನ್ನು ಇವತ್ತು ಕಾಯುತ್ತಿರುವುದು ಆ ಯೋಚನೆಯೇ. ಅದು ಪೋರ್ಚುಗಲ್ಲಿಗೆ ಬಂತು, ಅಲ್ಲಿಯ 1867ರ ಸಿವಿಲ್ ಕೋಡ್‌ನೊಳಗೆ ಕೂತಿತು. ಆ ಕೋಡ್ 1870ರ ಜುಲೈ 1ರಿಂದ ಗೋವಾದಲ್ಲಿ ಜಾರಿಗೆ ಬಂತು. 1961ರಲ್ಲಿ ಪೋರ್ಚುಗೀಸರು ಹೋದರು. 1962ರ ಕಾಯ್ದೆ ಹಳೇ ಕಾನೂನುಗಳನ್ನು ಉಳಿಸಿಕೊಂಡಿತು. ಪೋರ್ಚುಗಲ್ 1967ರಲ್ಲಿ ಹೊಸ ಕೋಡ್ ತಂದು ಹಳೆಯದನ್ನು ಬಿಟ್ಟಿತು, ಇಲ್ಲಿ ಅದು ಮುಂದುವರಿಯಿತು. ಈಗ ಉತ್ತರಾಧಿಕಾರಕ್ಕೆ ಗೋವಾದ್ದೇ 2012ರ ಕಾಯ್ದೆ ಇದೆ, 2016ರಿಂದ ಜಾರಿಯಲ್ಲಿದೆ. ಭಾಷೆ ಇಂಗ್ಲಿಷ್ ಆಯಿತು. ಪಟ್ಟಿ ಹಾಗೇ ಉಳಿಯಿತು.

ಒಂದು ತಿದ್ದುಪಡಿ ಹೇಳಬೇಕು. ಗಂಡ ಹೆಂಡತಿಯ ಆಸ್ತಿ ಒಂದೇ ಗಂಟು ಅಂದೆನಲ್ಲ, ಅದು ರೋಮಿನದಲ್ಲ. ರೋಮಿನ ಜ್ಯೂರಿಸ್ಟರು, ಅಂದರೆ ಕಾನೂನು ಪಂಡಿತರು, ಇಬ್ಬರ ಆಸ್ತಿಯನ್ನೂ ಬೇರೆ ಬೇರೆ ಇಡುತ್ತಿದ್ದರು. ಒಂದು ಮಾಡಿದ್ದು ಪೋರ್ಚುಗಲ್ಲಿನ ಊರುಕೇರಿಯ ರೂಢಿ. ಎಲ್ಲವನ್ನೂ ರೋಮಿನ ಲೆಕ್ಕಕ್ಕೆ ಬರೆಯುವುದು ಆ ಊರುಗಳಿಗೆ ಮಾಡುವ ಅನ್ಯಾಯ.

ಪ್ರಶ್ನೆ: ನಾನು ಪಣಜಿಯಲ್ಲಿ ಕಾನೂನು ಓದುತ್ತಿದ್ದೇನೆ. ಮನೆಮಾತು ಕನ್ನಡ. ರೋಮನ್ ಕಾನೂನನ್ನು ಕ್ಲಾಸಿನಲ್ಲಿ ಒಂದೇ ಗಂಟೆಯಲ್ಲಿ ಮುಗಿಸಿಬಿಟ್ಟರು. ಸಾಮ್ರಾಜ್ಯವೇ ಮುಳುಗಿದ ಮೇಲೆ ಅದರ ಕಾನೂನು ಯುರೋಪಿನಲ್ಲಿ ಹೇಗೆ ಉಳಿಯಿತು? ಯಾರು ಜಾರಿ ಮಾಡುತ್ತಿದ್ದರು?
(ಪಣಜಿಯ ವಿದ್ಯಾರ್ಥಿನಿ)

ಉತ್ತರ: ತಂಗೀ, ಒಳ್ಳೇ ಪ್ರಶ್ನೆ ಕೇಳಿದೆ. ಪಶ್ಚಿಮ ಯುರೋಪಿನಲ್ಲಿ ಬಹಳ ಕಾಲ ಅದನ್ನು ಪೂರ್ತಿಯಾಗಿ ಯಾರೂ ಜಾರಿ ಮಾಡಲಿಲ್ಲ. ಅದನ್ನು ಉಳಿಸಿದವರು ಮೇಷ್ಟ್ರುಗಳು.

ಪಶ್ಚಿಮದ ರೋಮ್ ಮುಳುಗಿದರೂ ಸಾಮ್ರಾಜ್ಯದ ಪೂರ್ವ ಭಾಗ ಉಳಿದಿತ್ತು. ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜಸ್ಟಿನಿಯನ್ ಟ್ರಿಬೋನಿಯನ್ ಎಂಬ ಅಧಿಕಾರಿಯ ಕೈಯಲ್ಲಿ ಹಳೇ ಜ್ಯೂರಿಸ್ಟರ ಬರಹಗಳನ್ನೆಲ್ಲ ಜರಡಿ ಹಿಡಿಸಿದ. 533ರಲ್ಲಿ ಡೈಜೆಸ್ಟ್ ಹೊರಬಂತು, 50 ಭಾಗ. ಜೊತೆಗೆ ವಿದ್ಯಾರ್ಥಿಗಳಿಗೆ ಅಂತಲೇ ಇನ್‌ಸ್ಟಿಟ್ಯೂಟ್ಸ್ ಎಂಬ ಪಠ್ಯಪುಸ್ತಕ. ಪಶ್ಚಿಮ ಯುರೋಪಿನಲ್ಲಿ ಡೈಜೆಸ್ಟ್ ಶತಮಾನಗಟ್ಟಲೆ ಕಣ್ಣಿಗೇ ಬೀಳಲಿಲ್ಲ. 11ನೇ ಶತಮಾನದ ಕೊನೆಗೆ ಇಟಲಿಯ ಬೊಲೋನ್ಯಾದಲ್ಲಿ ಇರ್ನೇರಿಯಸ್ ಎಂಬ ಮೇಷ್ಟ್ರು ಅದನ್ನು ಪಾಠ ಮಾಡಲು ಕೂತರು. ಸಾಲು ಸಾಲಿಗೆ ಅರ್ಥ ಹೇಳಿ, ಅಂಚಿನಲ್ಲಿ ಟಿಪ್ಪಣಿ ಬರೆದರು.

ಇಲ್ಲಿ ನೀನು ಒಂದು ಕ್ಷಣ ನಿಲ್ಲಬೇಕು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ನಮ್ಮ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ರಾಜಧಾನಿಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿ ಮುಂದಿಟ್ಟುಕೊಂಡು ಮಿತಾಕ್ಷರ ಬರೆಯುತ್ತಿದ್ದ. ಅವನೂ ರಾಜಾಜ್ಞೆ ಬರೆಯಲಿಲ್ಲ. ಹಳೇ ಪಠ್ಯಕ್ಕೆ ವ್ಯಾಖ್ಯಾನ ಬರೆದ. ಅಷ್ಟೇ. ಚಾಲುಕ್ಯರು ಹೋದರು. ಮಿತಾಕ್ಷರದ ಹೆಸರು ನಮ್ಮ ಕೋರ್ಟಿನ ತೀರ್ಪುಗಳಲ್ಲಿ ಇನ್ನೂ ಬರುತ್ತದೆ. ಬೊಲೋನ್ಯಾ ಬಗ್ಗೆ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಬೀದರ್ ಜಿಲ್ಲೆಯಲ್ಲಿ ಕೂತು ಬರೆದ ಈ ಮನುಷ್ಯನನ್ನೂ ನೆನಪಿಸು. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಅಂದವನು ಅವನು. ಗೋವಾದಲ್ಲಿ ಹಾಗಿಲ್ಲ, ಅಪ್ಪ ಬದುಕಿರುವಾಗ ಮಕ್ಕಳಿಗೆ ಏನೂ ಇಲ್ಲ. ಆದರೆ ಉಯಿಲು ಬರೆದು ಮಕ್ಕಳನ್ನು ಪೂರ್ತಿ ಬೀದಿಗೆ ಹಾಕುವಂತೆಯೂ ಇಲ್ಲ, ಅಪ್ಪನ ಪಾಲಿನ ಅರ್ಧ ಮಕ್ಕಳಿಗೇ ಮೀಸಲು. ಇದರ ಬೇರು ಮಾತ್ರ ರೋಮಿನಲ್ಲಿದೆ. 536ರಲ್ಲಿ ಜಸ್ಟಿನಿಯನ್ ಈ ಮೀಸಲನ್ನು ಹೆಚ್ಚಿಸಿದ: ನಾಲ್ಕು ಮಕ್ಕಳವರೆಗೆ ಮೂರನೇ ಒಂದು ಭಾಗ, ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅರ್ಧ. ಮಕ್ಕಳ ತಲೆ ಎಣಿಸಿ ಬರೆದ ಕಾನೂನು ನೋಡು.

ಬೊಲೋನ್ಯಾಕ್ಕೆ ಯುರೋಪಿನ ಮೂಲೆಮೂಲೆಯಿಂದ ಹುಡುಗರು ಬಂದರು. ಓದಿ ತಮ್ಮ ತಮ್ಮ ಊರಿಗೆ ಹೋಗಿ ನ್ಯಾಯಾಧೀಶರಾದರು, ರಾಜನ ಸಲಹೆಗಾರರಾದರು. ಊರಿನ ರೂಢಿಯಲ್ಲಿ ಉತ್ತರ ಸಿಗದಿದ್ದಾಗ ಓದಿದ್ದು ನೆನಪಿಗೆ ಬರುತ್ತಿತ್ತು. ಕಾನೂನು ಹರಡಿದ್ದು ಹೀಗೆ. ಪೋರ್ಚುಗಲ್ಲಿನಲ್ಲಿ ಇದನ್ನು ಬರೆದೇ ಇಟ್ಟರು. ಫಿಲಿಪ್ ರಾಜನ ಹೆಸರಿನ 1603ರ ಫಿಲಿಪ್ಪೀನ್ ಕಟ್ಟಳೆಗಳ ಪ್ರಕಾರ, ನಮ್ಮ ಕಾನೂನು, ರೂಢಿ ಎರಡೂ ಸುಮ್ಮನಿದ್ದರೆ ರೋಮಿನದನ್ನು ನೋಡಿ, ಅಲ್ಲೂ ಇಲ್ಲದಿದ್ದರೆ ಅಕ್ಕರ್ಸಿಯಸ್ ಟಿಪ್ಪಣಿ, ಬಾರ್ತೊಲಸ್ ಅಭಿಪ್ರಾಯ ನೋಡಿ. ಇಬ್ಬರೂ ಮೇಷ್ಟ್ರುಗಳೇ. 1769ರ ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು, ಬುದ್ಧಿಗೆ ಒಪ್ಪುವ ರೋಮನ್ ನಿಯಮ ಮಾತ್ರ ಸಾಕು ಅಂತು. ಮುಂದೆ 1867ರ ಕೋಡ್ ಬರೆದ ಸೆಯಾಬ್ರಾ ಕೂಡ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಓದಿದವರು.

ಫ್ರಾನ್ಸ್ 1804ರಲ್ಲಿ ತನ್ನ ಕೋಡ್ ಮಾಡಿಕೊಂಡಿತು. ಜರ್ಮನಿಯ ಕೆಲವು ಭಾಗಗಳಲ್ಲಂತೂ 1900ರ ಜನವರಿ 1ರಂದು ಹೊಸ ಕೋಡ್ ಬರುವವರೆಗೂ ವಕೀಲರು ಡೈಜೆಸ್ಟನ್ನೇ ಕಾನೂನು ಅಂತ ಕೋರ್ಟಿನಲ್ಲಿ ಹೇಳುತ್ತಿದ್ದರು. ಡಚ್ಚರ ಮೂಲಕ ಹೋದದ್ದು ದಕ್ಷಿಣ ಆಫ್ರಿಕಾದಲ್ಲಿ, ಶ್ರೀಲಂಕಾದಲ್ಲಿ ಇಂದಿಗೂ ಇದೆ. ಇಂಗ್ಲೆಂಡ್ ತನ್ನ ದಾರಿ ತಾನು ಹಿಡಿಯಿತು. ಆದರೂ ನೀನು ಓದುವ ರೆಸ್ ಜುಡಿಕೇಟಾ (ಒಮ್ಮೆ ತೀರ್ಪಾದದ್ದನ್ನು ಮತ್ತೆ ಕೆದಕುವಂತಿಲ್ಲ), ಬೋನಾ ಫೈಡ್ (ಒಳ್ಳೇ ನಂಬಿಕೆಯಿಂದ) ಎಲ್ಲ ಆ ಮನೆಯವೇ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಗಾಯಸ್ ಎಂಬ 2ನೇ ಶತಮಾನದ ಮೇಷ್ಟ್ರು ಬರೆದ ಪಠ್ಯಪುಸ್ತಕ ಕಳೆದೇಹೋಗಿತ್ತು. 1816ರಲ್ಲಿ ನೀಬೂರ್ ಎಂಬ ಜರ್ಮನ್ ವಿದ್ವಾಂಸರು ವೆರೋನಾದ ಗ್ರಂಥಾಲಯದಲ್ಲಿ ಸಂತ ಜೆರೋಮ್‌ನ ಪತ್ರಗಳ ಒಂದು ಹಸ್ತಪ್ರತಿ ನೋಡುತ್ತಿದ್ದರು. ಚರ್ಮದ ಹಾಳೆ. ಅಕ್ಷರಗಳ ಕೆಳಗೆ ಬೇರೆ ಅಕ್ಷರ. ಯಾರೋ ಹಳೆಯದನ್ನು ಅಳಿಸಿ ಮೇಲೆ ಬರೆದಿದ್ದರು. ಕೆಳಗಿದ್ದದ್ದು ಗಾಯಸ್. ಮೇಲೆ ಹೇಳಿದ ಗುಲಾಮನ ಸಂಗತಿಯೂ ಅದರಲ್ಲಿದೆ. ಗುಲಾಮರನ್ನು ವಸ್ತು ಅಂತ ಎಣಿಸಿದ ಕಾನೂನು ಅದು, ಮಗ ಮುದುಕನಾದರೂ ಅಪ್ಪನ ಕೈಕೆಳಗೇ ಇಟ್ಟ ಕಾನೂನು. ಅದನ್ನೂ ಓದು. ಹೊಗಳುವ ಭಾಗ ಮಾತ್ರ ಓದಿದರೆ ಅರ್ಧ ಓದಿದ ಹಾಗೆ.

ಪ್ರಶ್ನೆ: ಫೋಂಡಾ ಹತ್ತಿರ ಸಣ್ಣ ಜಾಗ ತಗೊಂಡು ಮನೆ ಕಟ್ಟಿದ್ದೇವೆ. ಪಕ್ಕದವರ ಜಾಗದಲ್ಲಿ ಹಾದು ನಮ್ಮ ಮನೆಗೆ ದಾರಿ. ಈಗ ಅವರು ದಾರಿ ಕೊಡಲು ಒಪ್ಪಿದ್ದಾರೆ, ಆದರೆ ಅಳತೆಯಲ್ಲಿ ಜಗಳ. ಎಷ್ಟು ಅಡಿ ಕೇಳಬೇಕು?
(ಫೋಂಡಾದ ಓದುಗರು)

ಉತ್ತರ: ಮಾತಿನಲ್ಲಿ ಒಪ್ಪಿದ್ದು ಸಾಲದು. ಬರೆಸಿ, ರಿಜಿಸ್ಟರ್ ಮಾಡಿಸಿ. ನಮ್ಮ ಕಡೆ ಪಹಣಿ ಇದ್ದ ಹಾಗೆ ಇಲ್ಲಿ ಫಾರ್ಮ್ 1 ಮತ್ತು 14 ಇರುತ್ತದೆ. ಅದರ ಜೊತೆ ಸರ್ವೆ ಪ್ಲಾನ್ ತೆಗೆಸಿ, ದಾರಿಯನ್ನು ಅದರ ಮೇಲೆ ಬಣ್ಣದಲ್ಲಿ ಗುರುತು ಮಾಡಿಸಿ ಕರಾರಿಗೆ ಅಂಟಿಸಿ. ಅಗಲ ಎಷ್ಟು ಅನ್ನುವುದನ್ನು ನಿಮ್ಮ ಮನೆಗೆ ಏನು ಬರಬೇಕು ಅನ್ನುವುದರ ಮೇಲೆ ಮಾತಾಡಿ. ಸ್ಕೂಟರ್ ಸಾಕೋ, ಮರಳಿನ ಟೆಂಪೋ ಬರಬೇಕೋ, ಆಂಬುಲೆನ್ಸ್ ಬರಬೇಕೋ?

ಕ್ರಿ.ಪೂ. 450ರ ಸುಮಾರಿಗೆ ರೋಮಿನಲ್ಲಿ ಬರೆದ ಹನ್ನೆರಡು ಕಾನೂನು ಫಲಕಗಳಲ್ಲಿ ನಿಮ್ಮ ಜಗಳ ಇದೆ. ಗಾಡಿ ದಾರಿ ನೇರ ಇದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ. ಗಾಡಿ ಓಡಿಸಿ ಗೊತ್ತಿದ್ದವರೇ ಬರೆದಿರಬೇಕು. ನಮ್ಮ ಕೋರ್ಟಿಗೆ ಆ ಅಳತೆ ಲೆಕ್ಕಕ್ಕಿಲ್ಲ. ಆದರೆ ನಾನು ನೋಡಿದ ದಾರಿ ಕರಾರುಗಳಲ್ಲಿ ಹೆಚ್ಚಿನವು ಒಂದೇ ಅಳತೆ ಬರೆದು ಮುಗಿಸಿಬಿಡುತ್ತವೆ. ಆಮೇಲೆ ಟೆಂಪೋ ಮೂಲೆಯಲ್ಲಿ ಸಿಕ್ಕಿಬಿದ್ದು ಪಕ್ಕದವರ ಕಾಂಪೌಂಡಿಗೆ ತಾಗುತ್ತದೆ, ಜಗಳ ಮತ್ತೆ ಶುರು. ಸಹಿ ಹಾಕುವ ಮುಂಚೆ ಟೇಪ್ ಹಿಡಿದು ಇಬ್ಬರೂ ಆ ಮೂಲೆಗೆ ಹೋಗಿ. ತಿರುವಿನ ಅಗಲವನ್ನು ಬೇರೆಯಾಗಿಯೇ ಬರೆಸಿ.