ಮೀಟಿಂಗ್ ಹೊತ್ತಿಗೇ ಮಡಿಲೇರುವ ಮಗ

ಪ್ರಶ್ನೆ: ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಗನಿಗೆ 4 ವರ್ಷ. ಮೀಟಿಂಗ್ ಶುರುವಾದೊಡನೆ ಮಡಿಲೇರುತ್ತಾನೆ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಿರುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಅದು ಹಟವಲ್ಲಮ್ಮಾ, ಅವನಿಗೆ ನೀವು ಬೇಕು. ಮೀಟಿಂಗಿಗೆ ಮುಂಚೆ ಹತ್ತು ನಿಮಿಷ ಲ್ಯಾಪ್‌ಟಾಪ್ ಮುಚ್ಚಿ, ನೆಲದ ಮೇಲೆ ಕೂತು ಆಟ ಶುರು ಮಾಡಿಕೊಡಿ. ಬರೀ ‘ಹೋಗಿ ಆಡ್ಕೋ’ ಅಂದರೆ ಈ ವಯಸ್ಸಿನವರು ಆಡುವುದಿಲ್ಲ. ಶುರುವಾದ ಆಟವನ್ನಾದರೆ ಮುಂದುವರಿಸುತ್ತಾರೆ.

ನನ್ನ ಮೊಮ್ಮಗಳಿಗೆ ನಾನು ಕೊಡುವುದು ಅಡುಗೆಮನೆಯ ಕೆಲಸವನ್ನೇ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕಲು ಕೂರಿಸುತ್ತೇನೆ. ಬೇಳೆ ಪುಳಕ್ಕನೆ ಜಾರಿದಾಗಲೆಲ್ಲ ಅವಳಿಗೆ ನಗು. ಕಾಳನ್ನು ಮೂಗಿಗೆ, ಕಿವಿಗೆ ತೂರಿಸಿಕೊಳ್ಳುವ ವಯಸ್ಸಿದು, ಕಣ್ಣೆದುರೇ ಇರಬೇಕು. ನೀವು ಮೀಟಿಂಗಿನಲ್ಲಿದ್ದಾಗ ಕಾಳು ಬೇಡ, ಚಪಾತಿ ಹಿಟ್ಟಿನ ಉಂಡೆ, ಪುಟ್ಟ ಲಟ್ಟಣಿಗೆ ಸಾಕು. ಅಳಗುಳಿಮಣೆ ಇನ್ನೊಂದೆರಡು ವರ್ಷ ಕಾಯಲಿ.

ಮೊಬೈಲಿನ ಬಗ್ಗೆ: 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕೊಡಲೇಬೇಕಾದರೆ ತಪ್ಪಿಸಲಾಗದ ಮೀಟಿಂಗಿಗೆ ಮಾತ್ರ ಕೊಡಿ.

ಇನ್ನೊಂದು ಮಾತು. ನಿಮ್ಮ ಯಜಮಾನರ ವಿಷಯ ನೀವು ಬರೆದೇ ಇಲ್ಲ. ಅವರೂ ಮನೆಯಲ್ಲಿದ್ದರೆ, ದಿನದಲ್ಲಿ ಒಂದಿಷ್ಟು ಹೊತ್ತು ಮಗು ಪೂರ್ತಿ ಅವರ ಪಾಲಿಗಿರಲಿ. ಸಂಕೋಚವಿಲ್ಲದೆ ಕೇಳಿ.