ಆಮೆ ಅಗೆದ ಗುಂಡಿ, ನಾವು ಅಗೆದ ಗುಂಡಿ

ಮಂಜೇಶ್ವರದ ಓದುಗರೊಬ್ಬರ ಪತ್ರ: “ಕಡಲಾಮೆಯ ಮೊಟ್ಟೆ ಅಗೆದು ತಂದು, ಮರಿಯಾಗುವ ತನಕ ಬೇಲಿಯೊಳಗೆ ಕಾಯುವ ಹ್ಯಾಚರಿಯಲ್ಲಿ ಹೂಳುವವರನ್ನು ಕಳೆದ ಸಂಚಿಕೆಯಲ್ಲಿ ಬಾಯ್ತುಂಬ ಹೊಗಳಿದ್ದೀರಿ. ಎಲ್ಲಿ ಮೊಟ್ಟೆಯಿಡಬೇಕೆಂದು ಆಮೆಗೆ ಗೊತ್ತಿಲ್ಲವೇ? ಮನೆಯ ಹೇಂಟೆಗೆ ನಾವು ಜಾಗ ತೋರಿಸುತ್ತೇವೆ, ಕಾಡುಕೋಳಿಗೂ ತೋರಿಸುತ್ತೇವೆಯೇ?”

ಸಂಪಾದಕರ ಉತ್ತರ:

ಮಾನ್ಯರೇ, ಕಾಡುಕೋಳಿಯ ಮಾತು ಸರಿಯಾಗಿ ತಾಗಿತು. ಇಟ್ಟಲ್ಲೇ ಮರಿಯಾಗುವ ಹಾಗಿದ್ದರೆ ಮೊಟ್ಟೆಯನ್ನು ಮುಟ್ಟಬಾರದು. ನಮ್ಮ ಲೇಖನದಲ್ಲಿ ಈ ಮಾತೇ ಇರಲಿಲ್ಲ, ತಪ್ಪು ನಮ್ಮದು.

ನಿಮ್ಮ ಹೇಂಟೆಯನ್ನೇ ಹಿಡಿದು ಹೇಳುವುದಾದರೆ, ಕಾವಿಗೆ ಕೂತ ಹೇಂಟೆ ದಿನವೂ ಮೊಟ್ಟೆಗಳನ್ನು ಹೊರಳಿಸುತ್ತದೆ. ಆಮೆಯ ಮೊಟ್ಟೆಗೆ ಹೊರಳಿದರೆ ಆಗದು. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಮಗುಚಿದರೆ ಸಾಯುತ್ತದೆ. ರಾತ್ರಿ ಇಟ್ಟದ್ದನ್ನು ಬೆಳಗ್ಗೆ ಚಾ ಕುಡಿದು ಬಂದು ಬಕೆಟಿಗೆ ತುಂಬಿಸಿದರೆ ಮೊಟ್ಟೆ ನೋಡಲು ಚೆಂದವೇ ಇರುತ್ತದೆ, ಮರಿ ಬರುವುದು ಅನುಮಾನ.

ಇನ್ನು ಹೊಯಿಗೆಯ ಬಿಸಿ. ಆಮೆಮರಿ ಗಂಡೋ ಹೆಣ್ಣೋ ಎಂಬುದು ಅದರಿಂದಲೇ ತೀರ್ಮಾನವಾಗುವುದು. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಆ ದಿನಗಳ ನಡುಭಾಗದಲ್ಲಿ ಬಿಸಿ 29-30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇದ್ದರೆ ಎರಡೂ ಹುಟ್ಟುತ್ತವೆ, ಏರಿದರೆ ಹೆಣ್ಣು ಹೆಚ್ಚು, ಇಳಿದರೆ ಗಂಡು ಹೆಚ್ಚು. ದಡದಲ್ಲಿ ಒಂದು ಗೂಡು ಬಯಲಲ್ಲಿದ್ದರೆ ಇನ್ನೊಂದು ಗಾಳಿಮರದ ನೆರಳಲ್ಲಿರುತ್ತದೆ. ಹ್ಯಾಚರಿಯಲ್ಲಿ ಎಲ್ಲದಕ್ಕೂ ಒಂದೇ ಮಡಲಿನ ಚಪ್ಪರ. ಹಾಗಾಗಿ ಚಪ್ಪರ ಕಟ್ಟುವವನ ಕೈಯಲ್ಲಿ, ಅವನಿಗೇ ತಿಳಿಯದ ಹಾಗೆ, ಒಂದು ವರ್ಷದ ಮರಿಗಳ ಲೆಕ್ಕವೇ ಇರುತ್ತದೆ!

ಇಷ್ಟೆಲ್ಲ ಗೊತ್ತಿದ್ದೂ ಹ್ಯಾಚರಿ ಬೇಡವೆನ್ನಲು ನನಗೆ ಧೈರ್ಯವಿಲ್ಲ. ಕಾಡುಕೋಳಿಗೆ ಕಾಡಾದರೂ ಉಂಟು. ನಮ್ಮಲ್ಲಿ ಕಡಲ್ಕೊರೆತಕ್ಕೆಂದು ಕಲ್ಲು ಪೇರಿಸಿದ ಕಡೆ ಆಮೆ ಮೇಲೆ ಹತ್ತಲಾಗದೆ ಕಲ್ಲಿನ ಬುಡದಲ್ಲೇ ಇಟ್ಟು ಹೋದರೆ, ಭರತ ಏರಿದ ದಿನ ಗೂಡು ಹೋಯಿತೆಂದೇ ಲೆಕ್ಕ. ಉಳಿದ ಕಡೆ ನಾಯಿಗಳು. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೇ ಹತ್ತುತ್ತವೆ, ನಾಯಿ ತಿಂದು ಮುಗಿಸುವಂಥದ್ದಲ್ಲ ಅದು. ನಮ್ಮ ಪಡುಗಡಲಿನಲ್ಲಿ ಬರುವುದು ಒಂದೊಂದೇ, ಗೂಡಿಗೆ ನೂರರ ಆಸುಪಾಸು ಮೊಟ್ಟೆ, ಅದಕ್ಕೆ ಒಂದು ನಾಯಿ ಒಂದು ರಾತ್ರಿ ಸಾಕು. ನೀಲೇಶ್ವರದ ತೈಕಡಪ್ಪುರದವರೂ ರತ್ನಾಗಿರಿ ಜಿಲ್ಲೆಯ ವೇಳಾಸ್‌ನವರೂ ಹ್ಯಾಚರಿ ಕಟ್ಟಿದ್ದು ಸುಮ್ಮನೆ ಅಲ್ಲ.

ಭರತದ ನೀರು ಮುಟ್ಟದ ಗೂಡಾದರೆ, ಮರಿ ನುಸುಳುವಷ್ಟು ಕಣ್ಣಿರುವ ಕಬ್ಬಿಣದ ಬಲೆ ಹಾಸಿ, ಕಾವಲು ಕೂತರಾಯಿತು. ನೀರು ಮುಟ್ಟುವಲ್ಲಿ, ಇಲ್ಲವೇ ಕೂರುವವರು ಸಿಗದಿದ್ದಲ್ಲಿ ಮಾತ್ರ ಹ್ಯಾಚರಿ, ಅದೂ ಅದೇ ರಾತ್ರಿ, ಅರಣ್ಯ ಇಲಾಖೆಯ ಒಪ್ಪಿಗೆಯಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು.

ನೀವು ಕೇಳದ ಒಂದು ವಿಷಯವೂ ಉಂಟು. ಆ ಲೇಖನದ ಜೊತೆ, ಪ್ಲಾಸ್ಟಿಕ್ ಬೇಸಿನಿನ ತುಂಬ ಆಮೆಮರಿಗಳು, ಸುತ್ತ ನಗುವ ಮಕ್ಕಳು, ಹೀಗೊಂದು ಫೋಟೋ ಇತ್ತು. ಮರಿಗಳು ಹೊರಬಂದದ್ದು ರಾತ್ರಿ. ಮುಖ್ಯ ಅತಿಥಿ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ. ಆಳದ ನೀರಿಗೆ ಈಜಿ ತಲುಪಲು ಹೊಟ್ಟೆಯಲ್ಲಿ ಕಟ್ಟಿಕೊಂಡು ಬಂದ ಬುತ್ತಿಯನ್ನು ಅವು ಅಷ್ಟೂ ಹೊತ್ತು ಬೇಸಿನಿನಲ್ಲಿ ಸುತ್ತಿ ಸುತ್ತಿ ಖರ್ಚು ಮಾಡಿದವು. ಆ ಫೋಟೋ ಆರಿಸಿದವನು ನಾನೇ.