ಒಂಬತ್ತು ಮದ್ದು ಒಟ್ಟಿಗೆ: ದೀರ್ಘ ಆಯಾಸದ ಒಂದು ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ವಸುಧಾ, 38, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಡೆಂಗಿ ಬಂದುಹೋಗಿ ಒಂದೂವರೆ ವರ್ಷವಾದರೂ ಮೈ ಹಿಡಿತಕ್ಕೆ ಬಂದಿಲ್ಲ. ರಾತ್ರಿಯಿಡೀ ಮಲಗಿ ಎದ್ದರೂ ಸುಸ್ತು, ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತರೆ ತಲೆಸುತ್ತು, ಲೆಕ್ಕ ಬಿಡಿಸುತ್ತಲೇ ಮುಂದಿನ ಹೆಜ್ಜೆ ಮರೆವು. ಉಳಿದ ಕಾಯಿಲೆಗಳನ್ನೆಲ್ಲ ಪರೀಕ್ಷೆಯಲ್ಲಿ ತಳ್ಳಿಹಾಕಿದ ಫಿಸಿಷಿಯನ್, ಕ್ರಾನಿಕ್ ಫಟೀಗ್ ಸಿಂಡ್ರೋಮ್ (ದೀರ್ಘ ಆಯಾಸದ ಕಾಯಿಲೆ) ಎಂದು ಬರೆದು, ಗುಣಪಡಿಸುವ ಮಾತ್ರೆ ಇಲ್ಲವೆಂದೂ ಹೇಳಿದ್ದರು. ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದವರು ಗಂಡ. "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ ಅಂತ ನೀವಾದ್ರೂ ಹೇಳಿ ಮೇಡಂ."

ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರೆ "ವಿಟಮಿನ್, ಕಷಾಯ, ಅಷ್ಟೇ" ಎಂದರು. ಈ ಉತ್ತರ ಸಾಮಾನ್ಯವಾಗಿ ಪೂರ್ತಿ ಇರುವುದಿಲ್ಲ. ಮುಂದಿನ ಭೇಟಿಗೆ ಮನೆಯಲ್ಲಿರುವ ಮದ್ದನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬರಲು ಹೇಳಿದೆವು. ಟೇಬಲ್ ಮೇಲೆ ಸುರಿದಾಗ ಒಂಬತ್ತು ಬಗೆ: 60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಶೆ, ಎರಡು ಬಗೆಯ ಬಿ-ಕಾಂಪ್ಲೆಕ್ಸ್, ಕೂದಲಿಗೆಂದು ಬಯೋಟಿನ್, ಅಶ್ವಗಂಧ ಕ್ಯಾಪ್ಸೂಲ್, ಅಮೃತಬಳ್ಳಿ ಪುಡಿ, ಮಲಬದ್ಧತೆಗೆ ಒಂದು ಚೂರ್ಣ, ಲೇಬಲ್ ಇಲ್ಲದ ಕಂದು ಪುಡಿಯ ಪೊಟ್ಟಣಗಳು, ಮತ್ತೆ ಕೆಮ್ಮಿನ ಸಿರಪ್ಪಿನ ಹಳೆಯ ಬಾಟಲಿಯಲ್ಲಿ ಬೆಳ್ಳಗಿನ ನೀರು.

ಡಿ ಸ್ಯಾಶೆಯನ್ನು ವೈದ್ಯರು ಬರೆದದ್ದು ವಾರಕ್ಕೊಂದರಂತೆ ಎಂಟು ವಾರಕ್ಕೆ. ಇವರು ದಿನಕ್ಕೊಂದರಂತೆ ಮೂರು ತಿಂಗಳು ನುಂಗಿದ್ದರು. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡದೆ ಮೈಯಲ್ಲೇ ಕೂಡುತ್ತದೆ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು, ಇನ್ನಷ್ಟು ಸುಸ್ತು. ಸುಸ್ತಿಗೆಂದು ತೆಗೆದುಕೊಂಡ ಮದ್ದೇ ಸುಸ್ತು ತಂದಿತ್ತು, ಅದು ತಂದ ಮಲಬದ್ಧತೆಗೆ ಚೂರ್ಣ ಸೇರಿತ್ತು.

ಪೊಟ್ಟಣದ ಪುಡಿ ಹೆಚ್ಚು ಚಿಂತೆಗೆ ಹಚ್ಚಿತು. ಶುರುಮಾಡಿದ ನಾಲ್ಕೇ ದಿನಕ್ಕೆ ಹುರುಪು, ಹಸಿವು. ಎರಡು ತಿಂಗಳಿಗೆ ಮುಖ ದುಂಡಗಾಗಿದೆ. ಎರಡು ದಿನ ತಪ್ಪಿಸಿದರೆ ಏಳಲಾಗದಂಥ ನಿತ್ರಾಣ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದು ಹೊಸದೇನಲ್ಲ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಮೈಗೆ ಬೇಕಾದ ಸ್ಟಿರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ಆ ಕೆಲಸ ನಿಲ್ಲಿಸುತ್ತದೆ; ಥಟ್ಟನೆ ಬಿಟ್ಟರೆ ವಾಂತಿ, ಬಿಪಿ ಕುಸಿತ, ಪ್ರಾಣಕ್ಕೂ ಅಪಾಯ. ಆದ್ದರಿಂದ "ನಾಳೆಯಿಂದ ಎಲ್ಲಾ ಬಿಟ್ಟುಬಿಡಿ" ಎನ್ನುವುದು ಇಲ್ಲಿ ಸಲ್ಲದ ಸಲಹೆ. ಪೊಟ್ಟಣಗಳ ಸಮೇತ ಮರುದಿನವೇ ಫಿಸಿಷಿಯನ್ ಬಳಿ ಕಳಿಸಿದೆವು. ಜೊತೆಗೆ ಮದ್ದು, ಪ್ರಮಾಣ, ಶುರುವಾದ ತಿಂಗಳು ಬರೆದ ಒಂದು ಹಾಳೆ. ಅವರು ಕ್ಯಾಲ್ಸಿಯಂ, ಡಿ ಮಟ್ಟ, ಬೆಳಗಿನ ಕಾರ್ಟಿಸಾಲ್ (ಆ ಗ್ರಂಥಿ ತಯಾರಿಸುವ ಸ್ಟಿರಾಯ್ಡ್), ಲಿವರ್, ಕಿಡ್ನಿ, ಪುಡಿಯಲ್ಲಿ ಬೆರೆತಿದ್ದೀತೆಂದು ರಕ್ತದಲ್ಲಿ ಸೀಸ ಪರೀಕ್ಷಿಸಿದರು. ಅಶ್ವಗಂಧ, ಅಮೃತಬಳ್ಳಿ ಎರಡರಿಂದಲೂ ಲಿವರ್ ಕೆಟ್ಟ ವರದಿಗಳಿವೆ. ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ಏರುಪೇರು ಮಾಡಬಲ್ಲದು. ಅದನ್ನು ಮೂರು ದಿನ ಮುಂಚೆ ನಿಲ್ಲಿಸಿ ಆಮೇಲೆ ಥೈರಾಯ್ಡ್ ಪರೀಕ್ಷೆ ಮತ್ತೆ ಮಾಡಿಸಿದರು. ಕ್ಯಾಲ್ಸಿಯಂ ಏರಿತ್ತು, ಕಾರ್ಟಿಸಾಲ್ ತೀರಾ ಕೆಳಗಿತ್ತು. ಡಿ ಸ್ಯಾಶೆ ಅಂದೇ ನಿಂತಿತು. ಪುಡಿಯ ಬದಲು ಗೊತ್ತಿರುವ ಪ್ರಮಾಣದ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ವಾರಗಟ್ಟಲೆ ಇಳಿಸುತ್ತಾ ಬಂದರು.

ಬಾಟಲಿಯ ನೀರು ನಾಲ್ಟ್ರೆಕ್ಸೋನ್, ಅಫೀಮು, ಕುಡಿತದ ಚಟ ಬಿಡಿಸಲು ಕೊಡುವ ಮದ್ದು: 50 ಮಿಲಿಗ್ರಾಂ ಮಾತ್ರೆಯನ್ನು 50 ಎಂಎಲ್ ನೀರಿಗೆ ಹಾಕಿದ್ದು. ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಈ ಕಾಯಿಲೆಯಲ್ಲಿ ಹಲವು ವೈದ್ಯರು ಪ್ರಯತ್ನಿಸುವಂಥದ್ದೇ. ದೊಡ್ಡ ಪ್ರಯೋಗಗಳ ಆಧಾರ ಮಾತ್ರ ಇನ್ನೂ ಗಟ್ಟಿಯಿಲ್ಲ. ಇವರು ಮೊದಲ ದಿನವೇ 4.5 ಎಂಎಲ್ ಕುಡಿದು ನಿದ್ದೆಗೆಟ್ಟಿದ್ದರು. ಮನೆಯಲ್ಲಿ ಹೀಗೆ ಕಲಸಿದರೆ ಪ್ರಮಾಣ ಸರಿಯಾಗಿರುವ ಖಾತರಿಯೂ ಇಲ್ಲ. ಮನೆಯಲ್ಲಿ ಬೆನ್ನುನೋವಿನ ಟ್ರಾಮಡಾಲ್ ಕೂಡ ಇತ್ತು. ಅಫೀಮು ಜಾತಿಯ ಆ ಮಾತ್ರೆಯ ಕೆಲಸವನ್ನು ನಾಲ್ಟ್ರೆಕ್ಸೋನ್ ತಡೆಯುತ್ತದೆ, ಟ್ರಾಮಡಾಲನ್ನು ದಿನವೂ ನುಂಗುವವರಲ್ಲಿ ಥಟ್ಟನೆ ಮದ್ದು ಬಿಟ್ಟಾಗಿನ ಒದ್ದಾಟ, ಅಂದರೆ ವಿತ್‌ಡ್ರಾವಲ್ ತರುತ್ತದೆ.

ಇಷ್ಟೊಂದು ಮದ್ದು ಏಕೆ ಸೇರಿತು? ಈ ಕಾಯಿಲೆಯಲ್ಲಿ ಶ್ರಮದ ಪೆಟ್ಟು ಅಂದೇ ಬೀಳುವುದಿಲ್ಲ. ಎಷ್ಟೋ ಸಲ ಒಂದೆರಡು ದಿನ ತಡವಾಗಿ ಬೀಳುತ್ತದೆ. ಭಾನುವಾರ ಬಟ್ಟೆ ಒಗೆದು, ಮನೆ ಒರೆಸಿ, ಮಂಗಳವಾರ ಮಲಗಿದರು. ಮಂಗಳವಾರ ತಿಂದ ಮೊಸರಿನ ಮೇಲೆ ತಪ್ಪು ಹೊರಿಸಿದರು. ಹಾಗೆ ಮೊಸರು, ಗೋಧಿ, ಬೇಳೆ ಒಂದೊಂದಾಗಿ ತಟ್ಟೆ ಬಿಟ್ಟವು. ತಾನಾಗಿ ಚೇತರಿಸಿಕೊಂಡ ದಿನದ ಹೆಸರು ಆ ವಾರದ ಹೊಸ ಮದ್ದಿಗೆ ಹೋಯಿತು. ಆದ್ದರಿಂದ ಮೊದಲು ಕೊಟ್ಟ ಕೆಲಸ ಡೈರಿ: ಏನು ಮಾಡಿದೆ, ಎಷ್ಟು ಹೊತ್ತು, ಎಷ್ಟು ಹೊತ್ತು ಮಲಗಿದೆ. ಕೆಟ್ಟ ದಿನ ಬಂದರೆ ಹಿಂದಿನ ಮೂರು ದಿನದ ಪುಟ ನೋಡುವುದು. ಮೂರು ವಾರದಲ್ಲಿ ಮೊಸರು ತಟ್ಟೆಗೆ ಮರಳಿತು.

ಗಂಡ ದಿನವೂ ಬೆಳಿಗ್ಗೆ ವಾಕಿಂಗ್ ಕರೆದೊಯ್ದು ವಾರವಾರ ದೂರ ಹೆಚ್ಚಿಸುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಹೀಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆ ಕೊಡಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾಕಿಂಗ್ ನಿಂತಿತು. ಕೆಲಸವನ್ನು ತುಂಡು ಮಾಡಿ, ದಣಿವಾಗುವ ಮುಂಚೆಯೇ ಮಲಗುವುದು. ತರಕಾರಿ ಕೂತು ಹೆಚ್ಚುವುದು. ಬಚ್ಚಲಿಗೊಂದು ಪ್ಲಾಸ್ಟಿಕ್ ಸ್ಟೂಲು. ಶಾಲೆಗೆ ಕುರ್ಚಿ ಮತ್ತು ಕಡಿಮೆ ಪೀರಿಯಡ್ ಕೋರಿ ವೈದ್ಯರ ಪತ್ರ.

ಗಂಡನಿಗೆ ಇನ್ನೂ ಆಸೆಯಿತ್ತು: "ವಾಸಿಯಾದವರ ವಿಡಿಯೋ ಇದೆಯಲ್ಲ ಮೇಡಂ?" ಅವರಿಗೆ ಈ ಕಾಯಿಲೆಗೆ ನಾರ್ವೆಯಲ್ಲಿ ನಡೆದ ರಿಟುಕ್ಸಿಮ್ಯಾಬ್ (ಕೆಲವು ಕ್ಯಾನ್ಸರಿಗೆ ಕೊಡುವ ಮದ್ದು) ಪ್ರಯೋಗದ ಕಥೆ ಹೇಳಿದೆವು. ಸಣ್ಣ ಪ್ರಯೋಗಗಳಲ್ಲಿ ಭರವಸೆ ಮೂಡಿಸಿದ್ದ ಮದ್ದು, 151 ಜನರ ಮೇಲಿನ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾದಾಗ ಹುಸಿ ಮದ್ದಿಗಿಂತ ಮೇಲೆನಿಸಲಿಲ್ಲ. ಹೊಸದೇನನ್ನೂ ಮುಟ್ಟಲೇಬೇಡಿ ಎಂದು ನಾವು ಹೇಳಲಿಲ್ಲ. ಹೇಳಿದರೆ ಮುಚ್ಚಿಟ್ಟು ಮಾಡುತ್ತಾರೆ. ಕರಾರು ಇಷ್ಟು: ಒಂದು ಸಲಕ್ಕೆ ಒಂದೇ ಮದ್ದು, ವೈದ್ಯರಿಗೆ ತಿಳಿಸಿಯೇ, ಲೇಬಲ್ ಇಲ್ಲದ್ದು ಮನೆಯೊಳಗೆ ಬರಕೂಡದು, ಯಾವಾಗ ನಿಲ್ಲಿಸಬೇಕೆಂದು ಶುರುವಿಗೆ ಮುಂಚೆಯೇ ಬರೆದಿಡುವುದು.

ಸ್ಟಿರಾಯ್ಡ್ ಪೂರ್ತಿ ಇಳಿದ ಮೇಲೆ ನಾಲ್ಟ್ರೆಕ್ಸೋನ್ ಮತ್ತೆ ಶುರುವಾಯಿತು, ಈ ಸಲ ವೈದ್ಯರ ಚೀಟಿಯಲ್ಲಿ, ಅರ್ಧ ಮಿಲಿಗ್ರಾಂನಿಂದ, ಟ್ರಾಮಡಾಲ್ ಮನೆಯಿಂದ ಹೊರಹೋದ ಮೇಲೆ. ವಸುಧಾ ಈಗ ದಿನಕ್ಕೆ ಎರಡು ಪೀರಿಯಡ್ ಕೂತು ಪಾಠ ಮಾಡುತ್ತಾರೆ. ಅದರ ಹೆಸರು ಮದ್ದಿಗೆ ಸಲ್ಲಬೇಕೋ ಮಲಗುವ ಹೊತ್ತಿಗೋ ಎಂದು ಡೈರಿ ಇನ್ನೂ ತೀರ್ಮಾನಿಸಿಲ್ಲ. ವಾಸಿಯಾಗಲೆಂದು ರಕ್ತನಾಳಕ್ಕೆ ಹಾಕಿಸಲಿದ್ದ ಗ್ಲುಟಾಥಯಾನ್ ಡ್ರಿಪ್ಪಿಗೆ ಗಂಡ ಕಟ್ಟಿದ್ದ ಮುಂಗಡ ಹಣ ವಾಪಸ್ ಬರಲಿಲ್ಲ.